ಸೈಟು ಮಾಡಿಕೊಡುವ ಹುಡುಗ

ಬೆಂಗಳೂರಿನಲ್ಲಿ ‘ಸೈಟು ಮಾಡಿದ್ದಾನೆ’ ಅಂದರೆ ತರ್ಟಿ-ಫಾರ್ಟಿ ಕೊಂಡಿದ್ದಾನೆ ಅಂತಲೇ ಅರ್ಥ. ಸಂಘಕ್ಕೋ ದೇವಸ್ಥಾನಕ್ಕೋ ವೆಬ್‌ಸೈಟು ಮಾಡಿಕೊಡುವ ಈ ಹುಡುಗನ ಸೈಟಿಗೆ ಖಾತೆಯಿಲ್ಲ, ಕಂದಾಯವಿಲ್ಲ, ಸಂಭಾವನೆಯೂ ಇಲ್ಲ. ಸಂಘದ ಕಾರ್ಯದರ್ಶಿಯ ತಂಗಿಯ ಮಗನೋ ಧರ್ಮದರ್ಶಿಗಳ ಅಳಿಯನೋ ಆಗಿರುತ್ತಾನೆ. ‘ನಮ್ಮ ಹುಡುಗನೇ ಮಾಡ್ಕೊಡ್ತಾನೆ ಬಿಡಿ’ ಎಂಬಲ್ಲಿಗೆ ನೇಮಕಾತಿ ಮುಗಿಯುತ್ತದೆ. ಎರಡು ರಾತ್ರಿ ನಿದ್ದೆಗೆಟ್ಟು ಮೊದಲ ಪುಟ ಎಬ್ಬಿಸುತ್ತಾನೆ: ಒಂದು ಶೀರ್ಷಿಕೆ, ನಾಲ್ಕು ಸಾಲು, ಜಾತ್ರೆಯ ದಿನಾಂಕ, ಫೋನ್ ನಂಬರು. ಆ ಗಳಿಗೆಯಲ್ಲಿ, ತನಗೇ ತಿಳಿಯದೆ, ಅವನು ಉತ್ತಮ ವಿನ್ಯಾಸಕ. ಬರೀ ಎಚ್‌ಟಿಎಂಎಲ್‌ನ ಪುಟವನ್ನು ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಸಲೀಸಾಗಿ ಓದುತ್ತದೆ, ವಯಸ್ಸಾದವರು ಅಕ್ಷರ ಹಿಗ್ಗಿಸಿಕೊಳ್ಳಬಹುದು, ಮೌಸ್ ಹಿಡಿಯಲಾಗದವರು ಟ್ಯಾಬ್ ಕೀಲಿಯಲ್ಲೇ ಓಡಾಡಬಹುದು. ಸೈಟು ಕೆಡುವುದು ಅವನ ಅಜ್ಞಾನದಿಂದ ಅಂತ ತಿಳಿದವರು ದೂರುತ್ತಾರೆ. ಅವನ ಶ್ರದ್ಧೆಯಿಂದ ಕೆಡುತ್ತದೆ ಎಂಬುದು ನನ್ನ ವಾದ.

ಮೂರನೆಯ ರಾತ್ರಿ ಅಲಂಕಾರ ಶುರು. ಮದುವೆಮನೆಗೆ ಸೀರಿಯಲ್ ಸೆಟ್ ಬಿಟ್ಟಂತೆ ‘ಹೊಸದು’ ಎಂಬ ಕೆಂಪು ಪಟ್ಟಿ ಮಿಣುಕುತ್ತದೆ, ಸುದ್ದಿಯ ಸಾಲು ಬಸ್ಸು ತಪ್ಪಿದವರಂತೆ ಓಡುತ್ತದೆ, ಕೆನೆಬಣ್ಣದ ಮೇಲೆ ಅರಿಶಿನದ ಅಕ್ಷರ ಕೂರುತ್ತದೆ. ವೆಬ್ ಪುಟಗಳಿಗೆಂದು ಇರುವ 2008ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಅಕ್ಷರಕ್ಕೂ ಹಿನ್ನೆಲೆಗೂ 4.5ಕ್ಕೆ 1ರಷ್ಟಾದರೂ ವ್ಯತ್ಯಾಸವಿರಲಿ, ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಏನೂ ಮಿಂಚದಿರಲಿ ಎನ್ನುತ್ತದೆ. ಮಿಂಚು ಕೆಲವರಿಗೆ ಮೂರ್ಛೆ ತರಿಸಬಲ್ಲದು. ಇದೆಲ್ಲ ಕ್ಷಮಿಸಬಹುದು. ಹಳೇ ನುಡಿ, ಬರಹ ಫಾಂಟುಗಳ ವಿಷಯದಲ್ಲಿ ಮಾತ್ರ ನನ್ನ ತಾಳ್ಮೆ ತಪ್ಪುತ್ತದೆ. ಯೂನಿಕೋಡ್ ಬಿಟ್ಟು ಅವುಗಳಲ್ಲಿ ‘ಕನ್ನಡ’ ಎಂದು ಟೈಪಿಸಿದರೆ ಫೈಲಿನೊಳಗೆ ಕೂರುವುದು ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಗೀಟು ಹೊತ್ತ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಜರ್ಮನ್ನರದೊಂದು ಅಕ್ಷರ. ಫಾಂಟು ಅವಕ್ಕೆ ಕನ್ನಡದ ವೇಷ ತೊಡಿಸಿರುತ್ತದೆ, ಅಷ್ಟೆ. ಸ್ಕ್ರೀನ್ ರೀಡರಿಗೆ ವೇಷ ಕಾಣುವುದಿಲ್ಲ. ಕಣ್ಣಿಗೆ ಕನ್ನಡ, ಕಿವಿಗೆ ಲಂಡನ್ನಿನ ಲೇವಾದೇವಿ.

‘ನಮ್ ಸೈಟಿಗೆ ಕಣ್ಣು ಕಾಣದೋರು ಯಾರು ಬರ್ತಾರೆ ಸಾರ್?’ ಎಂದು ಹುಡುಗ ಕೇಳುತ್ತಾನೆ. 2011ರ ಜನಗಣತಿ ದೇಶದಲ್ಲಿ ಎಣಿಸಿದ ಅಂಗವಿಕಲರೇ 2.68 ಕೋಟಿ. ಆ ಲೆಕ್ಕಕ್ಕೆ ಸೇರದೆ, ಪೊರೆ ಬಂದ ಕಣ್ಣಿಗೆ ಅಂಗೈ ಮರೆಮಾಡಿ ಬಿಸಿಲಲ್ಲಿ ಫೋನು ನೋಡುವ ಖಜಾಂಚಿಗಳು ಅವನ ಸಂಘದಲ್ಲೇ ಇದ್ದಾರೆ. ಪುಕ್ಕಟೆ ದುಡಿಯುವವನಿಗೆ ನಿಯಮ ಹೇರಿದರೆ ಉತ್ಸಾಹವೇ ಬತ್ತೀತು ಎಂಬುದು ಇನ್ನೊಂದು ಆಕ್ಷೇಪ. ನಾನು ಬೇಡುತ್ತಿರುವುದು ಕಡಿಮೆ ಕೆಲಸವನ್ನು. ಮೂರನೆಯ ರಾತ್ರಿ ಅವನು ಮಲಗಿದರೆ ಸಾಕು. ದುಡ್ಡು ತೆಗೆದುಕೊಳ್ಳುವವರೇನು ಮೇಲಲ್ಲ. ಅಮೆರಿಕದ ವೆಬ್‌ಏಮ್ ಸಂಸ್ಥೆ 2019ರಲ್ಲಿ ಹತ್ತು ಲಕ್ಷ ಮುಖಪುಟಗಳನ್ನು ಯಂತ್ರದಿಂದ ಪರೀಕ್ಷಿಸಿದಾಗ ಶೇ. 97.8ರಲ್ಲಿ ದೋಷ ಸಿಕ್ಕಿತು, ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಮಂಕು ಅಕ್ಷರ. ಅರಿಶಿನದ ಬದಲು ಅವರದು ಬೂದಿಬಣ್ಣ ಇದ್ದೀತು. ಅತ್ತ ಕನ್ನಡವನ್ನೂ ಓದಬಲ್ಲ ಉಚಿತ ಸ್ಕ್ರೀನ್ ರೀಡರ್ ಎನ್‌ವಿಡಿಎಯನ್ನು 2006ರಲ್ಲಿ ಶುರುಮಾಡಿದವನು ಆಸ್ಟ್ರೇಲಿಯಾದ ಅಂಧ ಯುವಕ ಮೈಕೆಲ್ ಕರನ್. ಅವನೂ ನಮ್ಮ ಹುಡುಗನ ಪೈಕಿಯೇ. ಯಾರೂ ಕೂಲಿ ಕೊಟ್ಟು ಕರೆದಿರಲಿಲ್ಲ.

ಈಗ ಹುಡುಗನಿಗೆ ಕೆಲಸ ಸಿಕ್ಕಿದೆ, ಮದುವೆಯಾಗಿದೆ, ಪಾಸ್‌ವರ್ಡ್ ಮರೆತಿದೆ. ಜಾತ್ರೆಯ ಸುದ್ದಿ ವಾಟ್ಸಾಪಿನಲ್ಲಿ ಕರಪತ್ರದ ಫೋಟೊ ಆಗಿ ಬರುತ್ತದೆ. ದಿನ, ಹೊತ್ತು, ಜಾಗ ಎಲ್ಲ ಚಿತ್ರದೊಳಗೆ. ಸ್ಕ್ರೀನ್ ರೀಡರ್ ಎಷ್ಟೋ ಸಲ ‘ಫೋಟೊ’ ಎಂದು ಹೇಳಿ ಸುಮ್ಮನಾಗುತ್ತದೆ. ಹಳೇ ಸೈಟಿನಲ್ಲಿ ಎಂದೋ ಮುಗಿದ ತೇರಿನ ಪಕ್ಕ ‘ಹೊಸದು’ ಇನ್ನೂ ಮಿಣುಕುತ್ತಿದೆ. ಅದರ ಕೆಳಗೆ ಫೋನ್ ನಂಬರಾದರೂ ಅಂಕಿಯಲ್ಲೇ ಇದೆ.