ಎರಡನೆಯ ಅಕ್ಕ

ಅಮೆರಿಕದ ಕನ್ನಡಿಗರಿಗೆ ಇಬ್ಬರು ಅಕ್ಕಂದಿರು. ಮೊದಲನೆಯ ‘ಅಕ್ಕ’ ಎಂದರೆ ಅಲ್ಲಿನ ಕನ್ನಡ ಕೂಟಗಳ ಆಗರ. ಎರಡು ವರ್ಷಕ್ಕೊಮ್ಮೆ ಸಮ್ಮೇಳನ ನಡೆಸುತ್ತದೆ. ಎರಡನೆಯ ಅಕ್ಕ ನಮ್ಮವರ ನಾಲ್ಕು ಮನೆ ಇರುವ ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಒಬ್ಬರಿರುತ್ತಾರೆ. ಅವರದು ದಿನವೂ ಸಮ್ಮೇಳನ. ಸ್ವಾಗತ, ಉದ್ಘಾಟನೆ, ಅಧ್ಯಕ್ಷ ಭಾಷಣ ಮೂರೂ ಅವರದೇ. ವಂದನಾರ್ಪಣೆ ಮಾತ್ರ ನಮ್ಮದು.

ಮೈಸೂರಿನ ಕುವೆಂಪುನಗರ ಬಿಟ್ಟು ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದಿಳಿದದ್ದು ಜುಲೈ ಕೊನೆಯಲ್ಲಿ. ಸೂಟ್‌ಕೇಸಿನಲ್ಲಿ ಒಗ್ಗರಣೆ ಸೌಟು ಹುಡುಕುತ್ತಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ಸಾರಿನ ಡಬ್ಬಿ ಹಿಡಿದು ಒಬ್ಬರು ನಿಂತಿದ್ದರು. ತಮ್ಮ ಹೆಸರು ಹೇಳಲಿಲ್ಲ, ನನ್ನದು ಕೇಳಲಿಲ್ಲ.

“ಮಗೂಗೆ ಎಷ್ಟು ವರ್ಷ?”

“ಆರು.”

“ಸೆಪ್ಟೆಂಬರ್ ಒಂದಕ್ಕೆ ಮುಂಚೆ ತುಂಬಿದ್ದಾ, ಆಮೇಲಾ?”

“ಮೇ ತಿಂಗಳಲ್ಲಿ.”

“ಸದ್ಯ! ಫಸ್ಟ್ ಗ್ರೇಡು,” ಎಂದು ಉಸಿರು ಬಿಟ್ಟು ಒಳಗೆ ಬಂದು ಕೂತರು. ನನ್ನ ಹೆರಿಗೆ ಸರಿಯಾದ ತಿಂಗಳಲ್ಲಿ ಆಯಿತೆಂದು ಇಷ್ಟು ನೆಮ್ಮದಿಪಟ್ಟವರು ಇನ್ನೊಬ್ಬರಿಲ್ಲ. ನಮ್ಮತ್ತೆ ಕೂಡ ನಕ್ಷತ್ರ ಕೇಳಿ ಸುಮ್ಮನಾಗಿದ್ದರು.

ಅಕ್ಕ ಶಿವಮೊಗ್ಗದವರು. ಈ ದೇಶಕ್ಕೆ ಬಂದು 14 ವರ್ಷ. ಮಕ್ಕಳನ್ನು ಶಾಲೆಗೆ ಸೇರಿಸುವ ವಿಷಯದಲ್ಲಿ ಅವರ ಮಾತೇ ಗೆಜೆಟ್ಟು. “ಇಲ್ಲಿ ಸರ್ಕಾರಿ ಶಾಲೆಗೆ ಫೀಸಿಲ್ಲ, ಇಂಟರ್‌ವ್ಯೂ ಇಲ್ಲ. ಬಾಡಿಗೆ ಕರಾರು, ಕರೆಂಟ್ ಬಿಲ್ ತೋರಿಸಿದ್ರೆ ಆಯ್ತು,” ಎಂದರು. “ಡೊನೇಷನ್ನೂ ಇಲ್ವಾ ಅಕ್ಕ?” ಎಂದು ಕೇಳಿದೆ, ಹಳೆಯ ಗಾಯ ಇನ್ನೂ ಮಾಗಿರಲಿಲ್ಲ. “ಇಲ್ದೆ ಏನು? ನಿನ್ನ ಬಾಡಿಗೇಲೇ ಸೇರಿದೆ. ಒಳ್ಳೆ ಸ್ಕೂಲಿರೋ ಬೀದೀಲಿ ಬಾಡಿಗೆ ಯಾಕೆ ಜಾಸ್ತಿ ಅಂದ್ಕೊಂಡೆ?”

ಆಮೇಲೆ ಲಸಿಕೆಯ ಚೀಟಿ ತರಿಸಿ, ಜಾತಕ ನೋಡುವವರಂತೆ ಮೂಗಿನ ತುದಿಗೆ ಕನ್ನಡಕ ಇಳಿಸಿದರು. “ಚಿಕನ್‌ಪಾಕ್ಸ್ ಎಲ್ಲಿ?” ನಮ್ಮ ಸರ್ಕಾರಿ ಲಸಿಕೆಗಳ ಪಟ್ಟಿಯಲ್ಲಿ ಅದಿಲ್ಲ, ಇಲ್ಲಿ ಶಾಲೆಯವರು ಮೊದಲು ಕೇಳುವುದರಲ್ಲಿ ಅದೂ ಒಂದು. “ಅವನಿಗೆ ಹೋದ ವರ್ಷ ಅಮ್ಮ ಆಗಿತ್ತು ಅಕ್ಕ,” ಎಂದೆ. “ನರ್ಸ್ ಹತ್ರ ಇದನ್ನ ಹೀಗೇ ಇಂಗ್ಲಿಷ್ ಮಾಡಿ ಹೇಳ್ಬಿಟ್ಟೀಯ, ಜೋಕೆ!” ಎಂದರು. ಮಗನ ತೋಳಿನ ಬಿಸಿಜಿ ಕಲೆ ಮುಟ್ಟಿ ನೋಡಿ, “ಟಿಬಿ ಟೆಸ್ಟ್ ಅಂದ್ರೆ ರಕ್ತದ್ದೇ ಕೇಳು. ಬಿಸಿಜಿ ಹಾಕಿಸಿಕೊಂಡೋರಿಗೆ ಚರ್ಮದ ಟೆಸ್ಟ್ ಸುಮ್ನೆ ಊದಿಕೊಂಡು ಹೆದರಿಸತ್ತೆ,” ಎಂದರು. ಮರುವಾರ ಡಾಕ್ಟರೂ ಅದನ್ನೇ ಹೇಳಿದರು, ಬಿಲ್ಲಿನ ಸಮೇತ.

ಊಟದ ಡಬ್ಬಿಗೂ ಅಕ್ಕನ ಕಾನೂನಿತ್ತು: ಪುಳಿಯೋಗರೆಗೆ ಕಡಲೇಕಾಯಿ ಹಾಕಕೂಡದು, ಪಕ್ಕದ ಮಗುವಿಗೆ ಅಲರ್ಜಿ ಇದ್ದರೆ ಪ್ರಾಣಕ್ಕೇ ಸಂಚಕಾರ. ಕಡಲೇಕಾಯಿ ಇಲ್ಲದ ಪುಳಿಯೋಗರೆಯನ್ನು ಮಗ ಮೂರು ದಿನ ಹಾಗೇ ವಾಪಸ್ಸು ತಂದ. ನಾಲ್ಕನೇ ದಿನ ಡಬ್ಬಿಯೇ ಬೇಡವೆಂದ. 2022ರಿಂದ ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಊಟ ಬಿಟ್ಟಿ. ಅಮೆರಿಕದಲ್ಲಿ ಮೊಮ್ಮಗ ಬಿಸಿಯೂಟ ತಿನ್ನುತ್ತಿದ್ದಾನೆ ಎಂದು ಫೋನಿನಲ್ಲಿ ಹೇಳಿದರೆ ನಮ್ಮತ್ತೆ ನಂಬಲಿಲ್ಲ. ಅದೂ ಪಿಜ್ಜಾ ಎಂದಮೇಲಂತೂ ಫೋನನ್ನು ಮಾವನ ಕೈಗೆ ಕೊಟ್ಟುಬಿಟ್ಟರು.

ಅಕ್ಕನ ಪ್ರಪಂಚ ನೋಡಬೇಕಾದರೆ ಅವರ ಏಳು ಸೀಟಿನ ವ್ಯಾನಿನ ಡಿಕ್ಕಿ ತೆಗೆಸಬೇಕು. ಫುಟ್‌ಬಾಲು, ಗೆಜ್ಜೆ, ಈಜುಡುಗೆ, ಶ್ರುತಿಪೆಟ್ಟಿಗೆ, ಮಡಚುವ ಕುರ್ಚಿ, ಅರ್ಧ ತಿಂದ ಚಕ್ಕುಲಿ ಪ್ಯಾಕೆಟ್ಟು. ಒಂದು ಮನೆಯನ್ನು ಅಲ್ಲಾಡಿಸಿ ಸುರಿದ ಹಾಗೆ. ಅಡುಗೆಮನೆಯ ಫ್ರಿಜ್ಜಿನ ಮೇಲೆ ಕ್ಯಾಲೆಂಡರು. ಒಂದೊಂದು ಕ್ಲಾಸಿಗೆ ಒಂದೊಂದು ಬಣ್ಣ. ಸೋಮವಾರ ರಷ್ಯನ್ ಗಣಿತ, ಮಂಗಳವಾರ ಈಜು, ಬುಧವಾರ ಶಾಲೆ ಬೇಗ ಬಿಡುವ ತಪ್ಪಿಗೆ ಪಿಯಾನೊ ಮತ್ತು ಜಪಾನಿ ಗಣಿತ. ಶುಕ್ರವಾರ ರಾತ್ರಿ ಏಳೂವರೆಗೆ ಜೂಮ್‌ನಲ್ಲಿ ಮೈಸೂರಿನ ಗುರುಗಳ ಸಂಗೀತಪಾಠ. ಅಲ್ಲಿ ಶನಿವಾರ ಬೆಳಗ್ಗೆ ಎಂಟು. ಗುರುಗಳ ಹಿಂದೆ ಕುಕ್ಕರು ಕೂಗುತ್ತದೆ, ಇಲ್ಲಿ ಅಕ್ಕನ ಹುಡುಗ ಆಕಳಿಸುತ್ತಾನೆ.

“ಸೊನ್ನೆ ಕೊಟ್ಟ ದೇಶದವರು ನಾವು. ಗಣಿತಕ್ಕೆ ರಷ್ಯಾ, ಜಪಾನು ಎರಡೂ ಯಾಕೆ ಅಕ್ಕ?”

“ಆ ಸೊನ್ನೆ ನಮ್ಮ ಮಕ್ಕಳಿಗೇ ವಾಪಸ್ ಬರ್ಬಾರ್ದು ಅಂತ.”

ಸ್ಪೆಲ್ಲಿಂಗ್ ಬೀ ಅವರ ಇನ್ನೊಂದು ವ್ರತ. 2019ರ ರಾಷ್ಟ್ರೀಯ ಸ್ಪರ್ಧೆಯಲ್ಲಿ ಪದಗಳ ಪಟ್ಟಿಯೇ ಸಾಲದೆ ಬಂದು ಎಂಟು ಮಕ್ಕಳನ್ನು ಒಟ್ಟಿಗೆ ಗೆದ್ದವರೆಂದು ಸಾರಿದರಲ್ಲ, ಅವರಲ್ಲಿ ಏಳು ಜನ ಭಾರತೀಯ ಮೂಲದವರು. ಬೇರೆಯವರು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ. ಅಕ್ಕ ಹೇಳುವುದು ಸಂಕಟದಿಂದ: “ಆ ಎಂಟನೇದು ಹೇಗೆ ಕೈತಪ್ಪಿತು ಅಂತ!”

ನಾನು ಕ್ಯಾಲೆಂಡರನ್ನೆಲ್ಲ ನೋಡಿ, “ಸುಮ್ನೆ ಆಡೋದಕ್ಕೆ ಯಾವ ಬಣ್ಣ?” ಎಂದೆ. ಅಕ್ಕ ಹುಡುಕಿದರು. ನಿಜವಾಗಿಯೂ ಹುಡುಕಿದರು. “ಅದಕ್ಕೆ ಪ್ಲೇಡೇಟ್ ಅಂತಾರೆ. ಹತ್ತು ದಿನ ಮೊದಲೇ ಹೇಳ್ಬೇಕು,” ಎಂದರು.

ಎಲ್ಲದಕ್ಕೂ ತಲೆಯಾಡಿಸಿದ ನಾನು ಅವರ ಮಾತು ಮೀರಿದ್ದು ಒಂದೇ ಸಲ, ಅದೂ ಬೇಕೆಂದು ಅಲ್ಲ. ಶಾಲೆಯ ಅರ್ಜಿಯಲ್ಲಿ ಮನೆಮಾತಿನ ಬಗ್ಗೆ ನಾಲ್ಕು ಪ್ರಶ್ನೆ: ಮಗು ಮೊದಲು ಕಲಿತ ಮಾತು ಯಾವುದು, ಮನೆಯಲ್ಲಿ ಹೆಚ್ಚಾಗಿ ಯಾವುದನ್ನು ಆಡುತ್ತದೆ, ನೀವು ಅದರೊಡನೆ ಯಾವುದರಲ್ಲಿ ಮಾತಾಡುತ್ತೀರಿ, ದೊಡ್ಡವರು ತಮ್ಮತಮ್ಮಲ್ಲಿ ಯಾವುದನ್ನು ಆಡುತ್ತೀರಿ. ಮೂರಕ್ಕೆ ‘ಕನ್ನಡ’ ಎಂದು ಬರೆದು ನಾಲ್ಕನೆಯದಕ್ಕೆ ಕೈಹಾಕಿದ್ದೆ, ಅಕ್ಕ ಪೆನ್ನು ಕಿತ್ತುಕೊಂಡರು.

“ಅಯ್ಯೋ ಮಾರಾಯ್ತಿ, ನಾಲ್ಕಕ್ಕೂ ಇಂಗ್ಲಿಷ್ ಅಂತ ಬರೀಬೇಕು! ಕನ್ನಡ ಅಂದ್ರೆ 30 ದಿನದೊಳಗೆ ಪರೀಕ್ಷೆ ಮಾಡ್ತಾರೆ. ‘ಇಂಗ್ಲಿಷ್ ಲರ್ನರ್’ ಅಂತ ಮುದ್ರೆ ಒತ್ತಿಬಿಡ್ತಾರೆ!” ಈ ಅಷ್ಟೂ ಮಾತನ್ನು ಅವರು ಹೇಳಿದ್ದು ಅಚ್ಚ ಶಿವಮೊಗ್ಗದ ಕನ್ನಡದಲ್ಲಿ.

“ಸುಳ್ಳಾಗತ್ತಲ್ಲ ಅಕ್ಕ?”

“ಇವತ್ತಿಂದ ಮನೇಲಿ ಇಂಗ್ಲಿಷೇ ಮಾತಾಡು, ನಿಜ ಆಗತ್ತೆ. ನನ್ನ ಮಗಳಿಗೆ ನಾನು ಹಾಗೇ ಮಾಡಿದ್ದು.”

ಆದರೆ ಬರೆದದ್ದು ಪೆನ್ನಿನಲ್ಲಿ, ವೈಟ್ನರು ಇನ್ನೂ ಯಾವುದೋ ಸೂಟ್‌ಕೇಸಿನಲ್ಲಿ. ನಮ್ಮ ಮನೆಯಲ್ಲಿ ಸತ್ಯ ಉಳಿದದ್ದು ಹೀಗೆ.

ಪರೀಕ್ಷೆಯೂ ಆಯಿತು, ಮುದ್ರೆಯೂ ಬಿತ್ತು. ಸುದ್ದಿ ತಿಳಿದು ಅಕ್ಕ ಸಾವಿನ ಮನೆಗೆ ಬಂದವರಂತೆ ಬಂದು, ಮಗನ ತಲೆ ಸವರಿ, ಕಾಫಿ ಬೇಡವೆಂದು ಹೋದರು. ಮಗನಿಗೆ ದುಃಖವಾದಂತೆ ಕಾಣಲಿಲ್ಲ. ದಿನಕ್ಕೆ ಅರ್ಧ ಗಂಟೆ ಅವನನ್ನು ಒಂದು ಸಣ್ಣ ಗುಂಪಿನಲ್ಲಿ ಕೂರಿಸಿ ಚಿತ್ರ ತೋರಿಸಿ ಮಾತು ಕಲಿಸುತ್ತಿದ್ದರು. ಅಲ್ಲಿ ಪಂಜಾಬಿ, ಚೀನಿ, ಸ್ಪ್ಯಾನಿಷ್ ಆಡುವ ಮಕ್ಕಳಿದ್ದರು. ಫ್ರೀಮಾಂಟಿನಲ್ಲಿ ಆಫ್ಘನ್ನರು ಎಷ್ಟಿದ್ದಾರೆಂದರೆ ಊರಿನ ಒಂದು ಭಾಗಕ್ಕೆ ‘ಲಿಟಲ್ ಕಾಬೂಲ್’ ಎಂದೇ ಹೆಸರು. ಆ ಕಡೆಯ ಒಬ್ಬ ಹುಡುಗ ಮಗನ ಮೊದಲ ಗೆಳೆಯನಾದ. ಇಬ್ಬರಿಗೂ ಇಂಗ್ಲಿಷ್ ಸರಿಯಾಗಿ ಬಾರದ್ದರಿಂದ ಮೂರು ತಿಂಗಳು ಜಗಳವೇ ಆಗಲಿಲ್ಲ. ಜಗಳ ಶುರುವಾದ ದಿನ ಟೀಚರು, “ಭಾಷೆ ತುಂಬಾ ಸುಧಾರಿಸಿದೆ,” ಎಂದು ಹೇಳಿ ಕಳಿಸಿದರು.

ಒಂದೂವರೆ ವರ್ಷ ಕಳೆಯಿತು. ಒಂದು ರಾತ್ರಿ ಅಕ್ಕ ಬಂದರು. ಕೈಯಲ್ಲಿ ಸಾರಿನ ಡಬ್ಬಿಯಿಲ್ಲ, ದನಿಯಲ್ಲಿ ಅಧ್ಯಕ್ಷತೆಯೂ ಇಲ್ಲ.

“ನಿನ್ನ ಮಗ ಇನ್ನೂ ಕನ್ನಡ ಮಾತಾಡ್ತಾನಲ್ವಾ?”

“ಬಾಯಿ ಮುಚ್ಚಿಸೋದೇ ಕಷ್ಟ. ಯಾಕಕ್ಕ?”

ವಿಷಯ ಅವರ ಮಗಳದು. ಹನ್ನೊಂದನೇ ಗ್ರೇಡು. ಇಂಗ್ಲಿಷಿನ ಜೊತೆಗೆ ಇನ್ನೊಂದು ಭಾಷೆಯಲ್ಲೂ ಓದಿ, ಬರೆದು, ಮಾತಾಡಬಲ್ಲೆನೆಂದು ತೋರಿಸಿಕೊಟ್ಟ ಮಕ್ಕಳಿಗೆ ಹೈಸ್ಕೂಲು ಮುಗಿಸುವಾಗ ಸರ್ಕಾರ ಡಿಪ್ಲೊಮಾದ ಮೇಲೆ ಚಿನ್ನದ ಬಣ್ಣದ ಮುದ್ರೆ ಹಚ್ಚುತ್ತದೆ. ಅಮೆರಿಕದಲ್ಲಿ ಇದನ್ನು ಮೊದಲು ತಂದ ರಾಜ್ಯವೇ ಕ್ಯಾಲಿಫೋರ್ನಿಯಾ, 2012ರಿಂದ ಜಾರಿಯಲ್ಲಿದೆ. ಕಾಲೇಜಿನ ಅರ್ಜಿಗೆ ಶೋಭೆ. ಅಕ್ಕ ಬಿಡುತ್ತಾರೆಯೇ?

“ಭಾನುವಾರದ ‘ಕನ್ನಡ ಕಲಿ’ ಕ್ಲಾಸಿಗೆ ಹಾಕಿದೀನಿ. ಅಕ್ಷರ ಬಂತು, ಬಾಯಿ ಬರ್ತಿಲ್ಲ. ಮನೇಲಿ ನಾನು ಕನ್ನಡದಲ್ಲಿ ಮಾತಾಡಿದ್ರೆ, ಅಮ್ಮಂಗೆ ಏನೋ ಆಗಿದೆ ಅಂತ ಅವರಪ್ಪನ್ನ ಕರೀತಾಳೆ,” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ವಾರಕ್ಕೊಂದು ಗಂಟೆ ನಿನ್ನ ಮಗನ್ನ ಕಳಿಸು. ಅವಳಿಗೆ ಮಾತಾಡೋಕೆ ಒಬ್ರು ಬೇಕು,” ಎಂದರು.

ಅಂದು ಪೆನ್ನು ಕಿತ್ತುಕೊಂಡ ಕೈಯನ್ನೇ ನೋಡಿದೆ. ಏನೂ ಹೇಳಲಿಲ್ಲ. ಆ ಕೈ ನನಗೆ ಎಷ್ಟೋ ಸಲ ಸಾರು ತಂದುಕೊಟ್ಟಿದೆ.

ಮರುದಿನ ಫ್ರಿಜ್ಜಿನ ಕ್ಯಾಲೆಂಡರಿನಲ್ಲಿ ಗುರುವಾರಕ್ಕೆ ಹೊಸ ಬಣ್ಣ ಬಿತ್ತು, ಅರಿಸಿನದ್ದು. ಏಳೂವರೆ ವರ್ಷದ ನಮ್ಮ ಮೇಷ್ಟ್ರು ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಕೆಳಗಿನ ಮನೆಗೆ ಹೋದರು. ಗಂಟೆ ಬಿಟ್ಟು ಬಂದಾಗ ಗುರುದಕ್ಷಿಣೆಯ ಐಸ್‌ಕ್ಯಾಂಡಿ ಬಾಯಲ್ಲಿತ್ತು.

“ಹೇಗಾಯ್ತೋ ಪಾಠ?”

“ಪಾಪ ಅಮ್ಮ, ಆ ಅಕ್ಕಂಗೆ ಎಲ್ಲದಕ್ಕೂ ‘ಧನ್ಯವಾದಗಳು’ ಅನ್ನೋದೊಂದೇ ಬರತ್ತೆ. ಜಗಳ ಆಡೋಕೇ ಬರಲ್ಲ,” ಎಂದು ಕ್ಯಾಂಡಿ ಚೀಪಿ ಹೇಳಿದ: “ಮುಂದಿನ ವಾರ ಅಲ್ಲಿಂದ ಶುರು ಮಾಡ್ತೀನಿ.”