ಸೆಲ್ ಇಲ್ಲದ ವಾಚಣ್ಣ

ಮಂಗಳೂರಿನಲ್ಲಿ ಗಂಟೆ ಎಷ್ಟಾಯಿತೆಂದು ಯಾರ ಹತ್ತಿರ ಬೇಕಾದರೂ ಕೇಳಬಹುದು. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬಸ್ಸು ಹೊರಡಿಸುವ ಅವಸರದಲ್ಲಿರುವ ಕಂಡಕ್ಟರ್ ಹೇಳುತ್ತಾನೆ, ಬಂದರಿನಲ್ಲಿ ಮೀನಿನ ಬುಟ್ಟಿ ಹೊತ್ತವರೂ ಹೇಳುತ್ತಾರೆ. ಯಾರೂ ಸಿಗದಿದ್ದರೆ ಹಂಪನಕಟ್ಟೆಯ ಕ್ಲಾಕ್ ಟವರ್ ಉಂಟು. ಹಳೆಯದನ್ನು ಕೆಡವಿ, ವರ್ಷಗಟ್ಟಲೆ ಜಾಗ ಖಾಲಿ ಬಿಟ್ಟು, ಸ್ಮಾರ್ಟ್ ಸಿಟಿ ಹಣದಲ್ಲಿ ಮತ್ತೆ ಅಲ್ಲೇ ಕಟ್ಟಿ ನಿಲ್ಲಿಸಿದ್ದಾರೆ. ಆದರೆ ವಾಚಣ್ಣನ ಹತ್ತಿರ ಮಾತ್ರ ಕೇಳಬಾರದು.

ಕೇಳಿದಿರೋ, ಮೊದಲು ಅಂಗಿಯ ತೋಳು ಮೇಲೆ ಹೋಗುತ್ತದೆ. ವಾಚು ಕೈಯಿಂದ ಕಳಚುತ್ತದೆ. ಕಿಸೆಯಿಂದ ಕನ್ನಡಕ ಒರೆಸುವ ಬಟ್ಟೆ ಬರುತ್ತದೆ. ಗಾಜನ್ನು ಒರೆಸಿ, ವಾಚನ್ನು ಮಗುಚಿ ನಿಮ್ಮ ಅಂಗೈಯಲ್ಲಿಟ್ಟು, ಬೆನ್ನಿನ ಗಾಜಿನೊಳಗೆ ಕಿರುಬೆರಳು ತೋರಿಸಿ, "ಅಗೋ, ಆ ಸಣ್ಣ ಸಣ್ಣ ಕಂಬ ನೆಟ್ಟ ಚಕ್ರ ಕಂಡಿತಾ? ಅದು ಕಾಲಮ್ ವೀಲ್. ಎಲ್ಲದ್ರಲ್ಲಿ ಇರುದಿಲ್ಲ ಮಾರಾಯ್ರೆ" ಎನ್ನುತ್ತಾರೆ. ಗಂಟೆ ಇರುವುದು ಮುಂಭಾಗದಲ್ಲಿ. ನೀವು ನೋಡುತ್ತಿರುವುದು ಹಿಂಭಾಗ. ಅಷ್ಟರಲ್ಲಿ ನಿಮ್ಮ ಬಸ್ಸು ಜ್ಯೋತಿ ಸ್ಟಾಪು ದಾಟಿರುತ್ತದೆ.

ವಾಚಣ್ಣ ಎಂದರೆ ಒಬ್ಬರೇ ಅಲ್ಲ. ಕದ್ರಿ ಕಡೆ ಒಬ್ಬರು ಡಾಕ್ಟರು, ಬಿಜೈಯಲ್ಲಿ ಒಬ್ಬರು ಬಿಲ್ಡರು, ಅರ್ಧ ಆಯುಷ್ಯ ದುಬೈಯಲ್ಲಿ ದುಡಿದು ಈಗ ಫಳ್ನೀರಿನ ಫ್ಲ್ಯಾಟಿನಲ್ಲಿ ಎ.ಸಿ. ಹಾಕಿ ಕೂತವರು ಇನ್ನೊಬ್ಬರು. ಗುಣ ಒಂದೇ ಆದ್ದರಿಂದ ಅನುಕೂಲಕ್ಕಾಗಿ ಎಲ್ಲರನ್ನೂ ಒಬ್ಬರನ್ನಾಗಿ ಮಾಡಿಕೊಂಡಿದ್ದೇನೆ. ಮಾನನಷ್ಟದ ದಾವೆ ಹೂಡುವುದಾದರೆ ಒಟ್ಟಾಗಿಯೇ ಹೂಡಲಿ.

ರೋಗ ಶುರುವಾಗುವುದು ಎಚ್‌ಎಂಟಿಯಿಂದ. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ ಬೆಂಗಳೂರಿನಲ್ಲಿ ತಯಾರಾಗತೊಡಗಿದ ಈ ವಾಚು ಒಂದು ಕಾಲಕ್ಕೆ ಮದುಮಗನ ಕೈಗೂ ನಿವೃತ್ತರಾಗುವ ಗುಮಾಸ್ತರ ಕೈಗೂ ಕಡ್ಡಾಯವಾಗಿತ್ತು. 2016ರಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತೆಂದು ಓದಿದ ದಿನ ವಾಚಣ್ಣ ಅಪ್ಪನ 'ಜನತಾ'ವನ್ನು ಗೋದ್ರೆಜ್ ಕಪಾಟಿನಿಂದ ಹೊರಗೆ ತೆಗೆದರು. ಕೀ ಕೊಟ್ಟರು. ಓಡಿತು. ಅಲ್ಲಿಗೆ ಕೆಟ್ಟರು.

ಜನತಾ ಆದ ಮೇಲೆ ಪೈಲಟ್ ಬಂತು, ಸೋನಾ ಬಂತು. ಆಮೇಲೆ ಭಾವ ಗಲ್ಫಿನಿಂದ ತಂದು, ಕಟ್ಟದೆ ಮರೆತಿದ್ದ ಹಳೆಯ ಸೀಕೋ ಒಂದನ್ನು ಸಿಹಿ ಮಾತಾಡಿ ಇಸಕೊಂಡದ್ದಾಯಿತು. ಭಾವನಿಗೆ ಈಗ ಅದರ ಬೆಲೆ ಗೊತ್ತಾಗಿದೆ, ಮಾತುಕತೆ ಅಷ್ಟಕ್ಕಷ್ಟೆ. ಕೊನೆಗೆ ಎಲ್ಲ ವಾಚಣ್ಣಂದಿರೂ ಬಂದು ಬೀಳುವ ಬಾವಿ ಒಂದೇ: ಸೆಲ್ ಇಲ್ಲದ, ಕೀಯಲ್ಲೇ ಓಡುವ, ಸ್ವಿಸ್ ಕ್ರೋನೋಗ್ರಾಫ್.

ಕ್ರೋನೋಗ್ರಾಫ್ ಎಂದರೆ ಸ್ಟಾಪ್‌ವಾಚನ್ನು ಹೊಟ್ಟೆಯಲ್ಲಿಟ್ಟುಕೊಂಡ ಕೈಗಡಿಯಾರ. ಮುಖದ ಮೇಲೆ ಎರಡೋ ಮೂರೋ ಪುಟ್ಟ ಡಯಲು, ಪಕ್ಕದಲ್ಲಿ ಎರಡು ಗುಂಡಿ. ಮೇಲಿನದನ್ನು ಒತ್ತಿದರೆ ನಡುವಿನ ಉದ್ದ ಮುಳ್ಳು ಓಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ, ಕೆಳಗಿನದನ್ನು ಒತ್ತಿದರೆ ಹನ್ನೆರಡಕ್ಕೆ ಹಾರಿ ಕೂರುತ್ತದೆ. ಇದರಲ್ಲೊಂದು ಸಂಕಟ ಉಂಟು. ಗುಂಡಿ ಒತ್ತದಿರುವಾಗ ಆ ಉದ್ದ ಮುಳ್ಳು ಅಲ್ಲಾಡುವುದೇ ಇಲ್ಲ. ನಿಜವಾದ ಸೆಕೆಂಡು ಮೂಲೆಯ ಪುಟ್ಟ ಡಯಲಿನಲ್ಲಿ ಯಾರ ಕಣ್ಣಿಗೂ ಬೀಳದೆ ತಿರುಗುತ್ತಿರುತ್ತದೆ. ಕಾರು ಸರ್ವಿಸಿಗೆ ಬಿಟ್ಟ ದಿನ ವಾಚಣ್ಣ ಸಿಟಿ ಬಸ್ಸು ಹತ್ತಿ ಮೇಲಿನ ಕಂಬಿ ಹಿಡಿದರು. ಕಂಡಕ್ಟರ್ ಹುಡುಗ ಟಿಕೇಟು ಕೊಡುತ್ತಾ ಕನಿಕರದಿಂದ ಹೇಳಿದ: "ಅಣ್ಣಾ, ನಿಮ್ಮ ವಾಚು ನಿಂತಿದೆ. ಸೆಲ್ ಹಾಕ್ಸಿ."

ಸೆಲ್! ಮಡಿ ಅಡುಗೆಮನೆಗೆ ಬಂಗುಡೆಯ ತೊಟ್ಟೆ ಹಿಡಿದುಕೊಂಡು ಬಂದವನನ್ನು ನೋಡುವ ಹಾಗೆ ವಾಚಣ್ಣ ಅವನನ್ನು ನೋಡಿದರು. ವಾಚಣ್ಣನ ಮನೆಯಲ್ಲಿ ಟಿ.ವಿ. ರಿಮೋಟಿನ ಸೆಲ್ಲಿಗೂ 'ಅದು' ಎಂದೇ ಹೇಳುವುದು. ಐನೂರು ರೂಪಾಯಿಯ ಸೆಲ್ ವಾಚು ತಿಂಗಳಿಗೆ ಹದಿನೈದು ಸೆಕೆಂಡು ಆಚೆ ಈಚೆ ಹೋದರೆ ಹೆಚ್ಚು. ಸ್ವಿಸ್ ಸಂಸ್ಥೆ ಪರೀಕ್ಷಿಸಿ ಸರ್ಟಿಫಿಕೇಟು ಕೊಟ್ಟ ಯಾಂತ್ರಿಕ ವಾಚಿಗೆ ದಿನಕ್ಕೇ ನಾಲ್ಕು ಸೆಕೆಂಡು ಹಿಂದೆ, ಆರು ಸೆಕೆಂಡು ಮುಂದೆ ಹೋಗಲು ಪರವಾನಗಿ ಉಂಟು. "ಅದಕ್ಕೆ ಜೀವ ಉಂಟಲ್ಲ, ಸ್ವಲ್ಪ ಹಾಗೆ ಹೀಗೆ ಇರ್ತದೆ" ಎಂದು ವಾಚಣ್ಣ ವಕಾಲತ್ತು ಮಾಡುತ್ತಾರೆ. ಮಗನಿಗೆ ಪರೀಕ್ಷೆಯಲ್ಲಿ ಎರಡು ಅಂಕ ಆಚೀಚೆ ಆದಾಗ ಈ ಉದಾರತನ ಕಂಡಿರಲಿಲ್ಲ.

ಅವರಿಗೆ ಒಂದು ಐತಿಹಾಸಿಕ ಕೊರಗೂ ಉಂಟು. 1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದರು. ಅಚ್ಚುಕೂಟ ತಂದರು, ಮಗ್ಗ ತಂದರು, 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಅದೇ ಬಾಸೆಲ್ ಎಂಬ ಸ್ವಿಸ್ ಊರಿನಲ್ಲಿ 2019ರವರೆಗೆ ಲೋಕಪ್ರಸಿದ್ಧ ವಾಚು ಮೇಳ ನಡೆಯುತ್ತಿತ್ತು. "ಅಷ್ಟು ದೂರದಿಂದ ಬಂದವರು ಹೆಂಚು ಮಾಡ್ಲಿಕ್ಕೆ ಕಲಿಸಿ ಹೋದ್ರಲ್ಲ ಮಾರಾಯ್ರೆ!" ಎಂದು ಅವರು ಮನೆಯ ಮಾಡು ನೋಡಿ ನಿಟ್ಟುಸಿರು ಬಿಡುತ್ತಾರೆ.

ಬೆಲೆಯ ವಿಚಾರಕ್ಕೆ ಬಂದರೆ, ಹೆಂಡತಿಗೆ, ಅಂದರೆ ನಮ್ಮ ಅತ್ತಿಗೆಗೆ, ಹೇಳುವಾಗ ವಾಚಣ್ಣ ಒಂದು ಸೊನ್ನೆ ನುಂಗುತ್ತಾರೆ. ಅತ್ತಿಗೆ ಬ್ಯಾಂಕಿನಲ್ಲಿ ದುಡಿದವರು. ನುಂಗಿದ ಸೊನ್ನೆಯನ್ನು ಕಕ್ಕಿಸಲು ಅವರಿಗೆ ಒಂದು ಪಾಸ್‌ಬುಕ್ಕು ಸಾಕು. ಅವರ ಲೆಕ್ಕ ಯಾವಾಗಲೂ ಪವನಿನಲ್ಲಿ.

"ಇದಕ್ಕೆ ಎಷ್ಟು ಪವನು ಬರ್ತಿತ್ತು ಗೊತ್ತುಂಟಾ? ಚಿನ್ನ ಆದ್ರೆ ಸೊಸೈಟಿಯಲ್ಲಿಟ್ರೆ ನಿಂತಲ್ಲಿ ಸಾಲ. ನಿಮ್ಮ ಈ ಮೂರು ಕಣ್ಣಿನದ್ದನ್ನು ಯಾರು ಅಡವು ಇಟ್ಕೊಳ್ತಾರೆ?"

"ನಿನಗೆ ಗೊತ್ತಿಲ್ಲ. ಪಾಲ್ ನ್ಯೂಮನ್ ಅಂತ ಸಿನೆಮಾ ನಟ. ಅವನ ರೋಲೆಕ್ಸ್ ಡೇಟೋನಾ 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಒಂದು ಕೋಟಿ ಎಪ್ಪತ್ತೇಳು ಲಕ್ಷ ಡಾಲರಿಗೆ ಹೋಗಿದೆ. ನಮ್ಮ ಲೆಕ್ಕದಲ್ಲಿ ನೂರು ಕೋಟಿಗೂ ಮೇಲೆ!"

"ಅದು ಅವನ ಹೆಂಡತಿ ಕೊಡಿಸಿದ ವಾಚಂತೆ, ನೀವೇ ಹೇಳಿದ್ದು. ನಾನು ಕೊಡಿಸಿದ ಉಂಗುರ ಎಲ್ಲುಂಟು?"

ಉಂಗುರದ ಮಾತು ಬಂದ ಕೂಡಲೇ ವಾಚಣ್ಣನಿಗೆ ವೈಂಡರ್ ನೋಡಿ ಬರುವ ಕೆಲಸ ನೆನಪಾಗುತ್ತದೆ. ಕೈಯ ಅಲುಗಾಟಕ್ಕೆ ತಾನೇ ಕೀ ಕೊಟ್ಟುಕೊಳ್ಳುವ ಆಟೊಮ್ಯಾಟಿಕ್ ವಾಚನ್ನು ಕೈಗೆ ಕಟ್ಟದೆ ಎರಡು ದಿನ ಬಿಟ್ಟರೆ ನಿಂತುಬಿಡುತ್ತದೆ. ಹಾಗಾಗಬಾರದೆಂದು ಅದನ್ನು ಮಲಗಿಸಿ ಮೆಲ್ಲಗೆ ತಿರುಗಿಸುತ್ತಾ ಇರುವ ಕರೆಂಟಿನ ಪೆಟ್ಟಿಗೆಯೇ ವೈಂಡರ್. "ಎರಡು ಮಕ್ಕಳಾದವು, ಒಂದು ದಿನ ತೊಟ್ಟಿಲು ತೂಗಿದವರಲ್ಲ" ಎಂಬುದು ಅತ್ತಿಗೆಯ ಒಗ್ಗರಣೆ. ಕರೆಂಟು ಹೋದರೆ ಆ ಮನೆಯಲ್ಲಿ ಫ್ರಿಜ್ಜು ನಿಲ್ಲುತ್ತದೆ, ವೈಂಡರ್ ನಿಲ್ಲುವುದಿಲ್ಲ. ಇನ್ವರ್ಟರ್ ಕನೆಕ್ಷನ್ ಅದಕ್ಕೆ. ಮಳೆಗಾಲದಲ್ಲಿ ಇನ್ನೊಂದು ಕಾಟ. ಜೂನ್ ಬಂತೆಂದರೆ ನಮ್ಮೂರಿನಲ್ಲಿ ಗೋಡೆಯೇ ಬೆವರುತ್ತದೆ, ಇನ್ನು ಚರ್ಮದ ಬೆಲ್ಟಿನ ಪಾಡೇನು? ಹದಿನೈದು ದಿನದಲ್ಲಿ ಹಸಿರು ಬೂಷ್ಟು. ವಾಚಣ್ಣ ಕಪಾಟಿನೊಳಗೆ ಝೀರೋ ಬಲ್ಬು ಉರಿಸುತ್ತಾರೆ. ನೆಂಟರಿಷ್ಟರ ಮನೆಗೆ ಹೋದರೆ ಕ್ಷೇಮಸಮಾಚಾರಕ್ಕಿಂತ ಮೊದಲು, "ಹೊಸ ಬೂಟು ತೆಗೊಂಡ್ರಾ? ಪೆಟ್ಟಿಗೆಯಲ್ಲಿ ಸಣ್ಣ ಬಿಳಿ ಪೊಟ್ಟಣ ಇರ್ತದೆ, ಬಿಸಾಡ್ಬೇಡಿ, ನನಗೆ ಬೇಕು" ಎನ್ನುತ್ತಾರೆ.

ಇಷ್ಟೆಲ್ಲ ಪೋಷಣೆಯಾದ ಮೇಲೆ ಒಂದು ಪ್ರಶ್ನೆ ಉಳಿಯಿತು. ಸ್ಟಾಪ್‌ವಾಚೇನೋ ಬಂತು, ಅದರಲ್ಲಿ ಅಳೆಯುವುದೇನನ್ನು?

ವಾಚಿನ ಅಂಚಿನಲ್ಲಿ ಟ್ಯಾಕಿಮೀಟರ್ ಎಂಬ ಅಂಕೆಗಳ ಸಾಲು ಉಂಟು. ಒಂದು ಕಿಲೋಮೀಟರ್ ಶುರುವಾಗುವಾಗ ಗುಂಡಿ ಒತ್ತಿ, ಮುಗಿಯುವಾಗ ಇನ್ನೊಮ್ಮೆ ಒತ್ತಿದರೆ ಮುಳ್ಳಿನ ತುದಿಯಲ್ಲಿ ವೇಗ ಕಾಣುತ್ತದೆ. 30 ಸೆಕೆಂಡು ಹಿಡಿದರೆ ಗಂಟೆಗೆ 120 ಕಿಲೋಮೀಟರ್, 45 ಹಿಡಿದರೆ 80, 60 ಹಿಡಿದರೆ 60. ಅಲ್ಲಿಗೆ ಸುತ್ತು ಮುಗಿಯಿತು. ಅರವತ್ತಕ್ಕಿಂತ ಕಡಿಮೆ ವೇಗ ಆ ಅಂಚಿನಲ್ಲಿ ಇಲ್ಲವೇ ಇಲ್ಲ. ಇದನ್ನು ಕಟ್ಟಿಕೊಂಡು ವಾಚಣ್ಣ ಸಂಜೆ ಆರರ ಹೊತ್ತಿಗೆ ನಂತೂರಿನಿಂದ ಪಂಪ್‌ವೆಲ್ ಕಡೆಗೆ ಕಾರು ತಿರುಗಿಸಿದರು. ಮುಳ್ಳು ಎಷ್ಟು ಸುತ್ತು ಹಾಕಿತೆಂದು ಅವರು ಈವರೆಗೆ ಬಾಯಿಬಿಟ್ಟಿಲ್ಲ. ಪಂಪ್‌ವೆಲ್ ಫ್ಲೈಓವರಿನ ಕೆಲಸವನ್ನೇ ಅಳೆಯೋಣವೆಂದರೆ, ಹತ್ತು ವರ್ಷದ ಹತ್ತಿರ ಎಳೆದು 2020ರ ಜನವರಿ ಕೊನೆಗೆ ತೆರೆದ ಆ ಸೇತುವೆಗೆ ಹನ್ನೆರಡು ಗಂಟೆಯ ಡಯಲು ಎಲ್ಲಿ ಸಾಕು?

ಇನ್ನೊಂದು ವಾಚಿನಲ್ಲಿ ಟೆಲಿಮೀಟರ್ ಇತ್ತು. ಫಿರಂಗಿಯ ಬೆಂಕಿ ಕಂಡಾಗ ಒತ್ತಿ ಸದ್ದು ಕೇಳಿದಾಗ ನಿಲ್ಲಿಸಿದರೆ ಶತ್ರು ಎಷ್ಟು ದೂರದಲ್ಲಿದ್ದಾನೆಂದು ಹೇಳುವ ಲೆಕ್ಕ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಹಿಡಿಯುತ್ತದೆ. ಮಂಗಳೂರಿನಲ್ಲಿ ಫಿರಂಗಿ ಇಲ್ಲ, ಸಿಡಿಲಿಗೆ ಬರಗಾಲ ಇಲ್ಲ. ಮೇ ತಿಂಗಳ ಒಂದು ಸಂಜೆ ವಾಚಣ್ಣ ಬಾಲ್ಕನಿಗೆ ಹೋಗಿ ನಿಂತರು. ಫಳ್ ಎಂದಿತು, ಒತ್ತಿದರು. ಒತ್ತಿದ ಬೆರಳು ತೆಗೆಯುವ ಮೊದಲೇ ಢಂ ಎಂದಿತು. ವಿಜ್ಞಾನದ ಪ್ರಕಾರ ಶತ್ರು ಪಕ್ಕದ ಕಂಪೌಂಡಿನ ತೆಂಗಿನಮರದಲ್ಲಿದ್ದ. "ಒಳಗೆ ಬನ್ನಿ, ಮೊದಲು ಟಿ.ವಿ. ಪ್ಲಗ್ ತೆಗೀರಿ!" ಎಂದು ಅತ್ತಿಗೆ ಕೂಗುವಷ್ಟರಲ್ಲಿ ಸೆಟ್‌ಟಾಪ್ ಬಾಕ್ಸ್ ಹೊಗೆಯಾಡುತ್ತಿತ್ತು.

ಕಂಬಳದಲ್ಲಾದರೂ ಗೆಲ್ಲಬೇಕಿತ್ತು. ಈ ಯಂತ್ರ ಹೆಸರಾದದ್ದೇ ಓಟ ಅಳೆದು. 1821ರಲ್ಲಿ ಪ್ಯಾರಿಸಿನ ಕುದುರೆ ಜೂಜಿನಲ್ಲಿ ನಿಕೊಲಾ ರಿಯುಸೆಕ್ ಎಂಬವನು ಡಯಲಿನ ಮೇಲೆ ಶಾಯಿಯ ಚುಕ್ಕೆ ಇಡುವ ಗಡಿಯಾರ ಹಿಡಿದು ನಿಂತಿದ್ದ. ಕುದುರೆಗೆ ಆದದ್ದು ಕೋಣಕ್ಕೆ ಆಗಬಾರದೇ? ಬಂಗ್ರಕೂಳೂರಿನ ರಾಮ-ಲಕ್ಷ್ಮಣ ಜೋಡುಕರೆ ಕಂಬಳಕ್ಕೆ ವಾಚಣ್ಣ ತಮ್ಮ ಅತ್ಯುತ್ತಮ ವಾಚು ಕಟ್ಟಿ ಹೋದರು. ಅಲ್ಲಿ ನೋಡಿದರೆ ಲೇಸರ್ ಕಿರಣ, ಸೆಕೆಂಡಿನ ನೂರರಲ್ಲೊಂದು ಭಾಗದವರೆಗೆ ಲೆಕ್ಕ. ಐಕಳದ ಕಂಬಳದಲ್ಲಿ 2020ರ ಫೆಬ್ರವರಿ 1ರಂದು ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಅದೇ ತಿಂಗಳು ವೇಣೂರಿನಲ್ಲಿ ನಿಶಾಂತ್ ಶೆಟ್ಟಿ 143 ಮೀಟರನ್ನು 13.61ರಲ್ಲಿ. ವಾಚಣ್ಣನ ವಾಚಿನ ಎದೆ ಸೆಕೆಂಡಿಗೆ ಎಂಟು ಸಲ ಬಡಿಯುತ್ತದೆ. ಎಂಟರಲ್ಲೊಂದು ಭಾಗಕ್ಕಿಂತ ಸೂಕ್ಷ್ಮ ಅದಕ್ಕೆ ತಿಳಿಯದು. ಆ ಇಬ್ಬರು ವೀರರೂ ಅದರ ಪಾಲಿಗೆ ಒಂದೇ. ಲಕ್ಷಗಟ್ಟಲೆ ಕೊಟ್ಟ ವಾಚಿನ ಗಾಜಿಗೆ ಕರೆಯ ಕೆಸರು ಹಾರಿದ್ದೊಂದೇ ಆ ದಿನದ ಫಲ. ಅದನ್ನು ಅವರು ಎರಡು ದಿನ ತೊಳೆಯಲಿಲ್ಲ ಎಂಬುದನ್ನೂ ಹೇಳಬೇಕು. ರಸಿಕತೆ ಇಲ್ಲದ ಮನುಷ್ಯರಲ್ಲ.

ಅವರ ದೊಡ್ಡ ಆಸ್ತಿ ಕಥೆಗಳು. ಒಮೆಗಾ ಸ್ಪೀಡ್‌ಮಾಸ್ಟರನ್ನು ನಾಸಾ 1965ರಲ್ಲಿ ಒಪ್ಪಿದ್ದು, 1969ರಲ್ಲಿ ಅದು ಚಂದ್ರನ ಮೇಲೆ ಇಳಿದದ್ದು, ಮರುವರ್ಷ ಕೆಟ್ಟುಹೋದ ಅಪೊಲೊ 13 ಹಾದಿ ಸರಿಪಡಿಸಿಕೊಳ್ಳಲು ಎಂಜಿನನ್ನು ಹದಿನಾಲ್ಕು ಸೆಕೆಂಡು ಉರಿಸಿದಾಗ ಆ ಸೆಕೆಂಡುಗಳನ್ನು ಎಣಿಸಿದ್ದು ಇದೇ ಕೈಗಡಿಯಾರ. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತು ಇದನ್ನು ನನಗೆ ವಿವರಿಸುತ್ತಿದ್ದಾಗ, ಅವರಿಗೆ ಕಾಯಲು ಬಿಟ್ಟ ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಅತ್ತಿಗೆ ಬಂದು ಒಲೆ ಆರಿಸಿದರು. "ಚಂದ್ರಲೋಕದ ಹದಿನಾಲ್ಕು ಸೆಕೆಂಡು ಗೊತ್ತುಂಟು. ಇಲ್ಲಿ ಅರ್ಧ ಲೀಟರ್ ಹಾಲು ನೋಡ್ಲಿಕ್ಕೆ ಆಗುದಿಲ್ಲ."

ರಥಬೀದಿಯ ಹತ್ತಿರ ಒಂದು ಬಾಗಿಲಿನ ಅಂಗಡಿಯಲ್ಲಿ ವಾಚು ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಗುಂಡಿ ಬಿಗಿಯಾಗಿದೆ ಎಂದು ವಾಚಣ್ಣ ಒಮ್ಮೆ ಅಲ್ಲಿಗೆ ಹೋದರು. ಹಿರಿಯರು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಬೆನ್ನಿನ ಗಾಜಿನ ಮೂಲಕ ಬಹಳ ಹೊತ್ತು ನೋಡಿದರು. ಮೇಲಿನ ಗುಂಡಿ ಒತ್ತಿ ಕಿವಿಗೆ ಹಿಡಿದರು. ಮುಖ ಅರಳಿತು. "ಒಳ್ಳೆ ಕೆಲಸ ಇದು. ನಾನು ಬಿಚ್ಚುದಿಲ್ಲ, ಕಂಪೆನಿಗೇ ಕಳಿಸಿ" ಎಂದು ಹಿಂದಕ್ಕೆ ಕೊಟ್ಟು, ಸಹಜವಾಗಿ ಕೇಳಿದರು: "ಅಲ್ಲ, ಗಂಟೆ ನೋಡ್ಲಿಕ್ಕೆ ನೀವು ಎಂಥ ಕಟ್ಟುದು?"

ವಾಚಣ್ಣ ಕಿಸೆಯಿಂದ ಮೊಬೈಲು ತೆಗೆದು ತೋರಿಸಿದರು. ಅದೊಂದು ಪ್ರಾಮಾಣಿಕತೆ ಅವರಲ್ಲಿದೆ.

ಕಡೆಗೆ ಆ ಯಂತ್ರಕ್ಕೆ ತಕ್ಕ ಕೆಲಸ ಸಿಕ್ಕಿದ್ದು ಪುರಭವನದಲ್ಲಿ. ಯಾವುದೋ ಸಂಘದ ವಾರ್ಷಿಕೋತ್ಸವ. ಮುಖ್ಯ ಅತಿಥಿಗಳು ಮೈಕಿನ ಮುಂದೆ ಬಂದು, "ಸಮಯದ ಅಭಾವ ಇರುವುದರಿಂದ ಎರಡೇ ಎರಡು ಮಾತು" ಎಂದರು. ಎರಡನೇ ಸಾಲಿನಲ್ಲಿದ್ದ ವಾಚಣ್ಣನ ಹೆಬ್ಬೆರಳು ತಾನಾಗಿ ಗುಂಡಿ ಒತ್ತಿತು. ವೇದಿಕೆಯ ಗಣ್ಯರ ಹೆಸರು ಹೇಳಿ ಮುಗಿಯಲು ನಾಲ್ಕು ನಿಮಿಷ ಹತ್ತು ಸೆಕೆಂಡು. ಬಾಲ್ಯದ ನೆನಪು ಒಂಬತ್ತು ನಿಮಿಷ. "ಕೊನೆಯದಾಗಿ" ಎಂಬ ಮಾತು ಮೊದಲ ಸಲ ಬಂದದ್ದು ಹದಿನೇಳನೇ ನಿಮಿಷಕ್ಕೆ, ಮೂರನೇ ಸಲ ಇಪ್ಪತ್ತೆಂಟಕ್ಕೆ. ಮೂವತ್ತು ನಿಮಿಷದ ಪುಟ್ಟ ಡಯಲು ಒಂದು ಸುತ್ತು ಪೂರ್ತಿ ಹಾಕಿ ಮತ್ತೆ ಮೊದಲಿನಿಂದ ಶುರು ಮಾಡಿತು. ಕೊಂಡ ಮೇಲೆ ಅದು ಸುತ್ತು ಮುಗಿಸಿದ್ದನ್ನು ವಾಚಣ್ಣ ಕಂಡದ್ದು ಅದೇ ಮೊದಲು. ಅಕ್ಕಪಕ್ಕದವರನ್ನು ಎಬ್ಬಿಸಿ ತೋರಿಸಿದರು.

ಊಟದ ಸಾಲಿನಲ್ಲಿ ಈ ವಿವರವೆಲ್ಲ ಕಾರ್ಯದರ್ಶಿಯ ಕಿವಿಗೆ ಬಿತ್ತು. ಮುಂದಿನ ಕಾರ್ಯಕ್ರಮಕ್ಕೆ ವಾಚಣ್ಣನಿಗೆ ವೇದಿಕೆಯ ಬದಿಯಲ್ಲಿ ಕುರ್ಚಿ, ಕೈಗೊಂದು ಗಂಟೆ. ಐದು ನಿಮಿಷಕ್ಕೆ ಒಂದು ಬಡಿತ, ಏಳಕ್ಕೆ ಎರಡು, ಎಂಟಕ್ಕೆ ನಿಲ್ಲಿಸದೆ. ಸಭೆ ಹೊತ್ತಿಗೆ ಮುಗಿಯಿತು. ಅನ್ನ ಬಿಸಿ ಇರುವಾಗಲೇ ಎಲೆಗೆ ಬಿತ್ತು. ಸಂತೋಷಗೊಂಡ ಸಂಘದವರು ಮುಂದಿನ ಸಭೆಯಲ್ಲಿ ಅವರಿಗೆ ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ಎರಡು ಮಾತಾಡಿ ಎಂದರು. ವಾಚಣ್ಣ ರಿಯುಸೆಕ್‌ನ ಶಾಯಿಯಿಂದ ಹಿಡಿದು ಕಾಲಮ್ ವೀಲಿನವರೆಗೆ ಐವತ್ತು ನಿಮಿಷ ಮಾತಾಡಿದರು. ಗಂಟೆ ಅವರ ಕೈಯಲ್ಲೇ ಇತ್ತು.

ಆದ್ದರಿಂದ ನಗರದ ಸಂಘ ಸಂಸ್ಥೆಗಳ ಪದಾಧಿಕಾರಿಗಳಲ್ಲಿ ವಿನಂತಿ. ಸಮಯಪಾಲನೆಗೆ ವಾಚಣ್ಣ ಯಾವ ದಿನಕ್ಕೂ ತಯಾರು. ಸಂಭಾವನೆ ಬೇಡ, ಕಾರು ಕಳಿಸುವುದೂ ಬೇಡ. ಗಂಟೆ ಕೊಡಿ, ಮೈಕ್ ಕೊಡಬೇಡಿ.