ಅರ್ಧ ಲೀಟರ್ ಹಾಲಿನ ಲೆಕ್ಕ

ಬೆಂಗಳೂರಿನಲ್ಲಿ ಮೊದಲ ಸಲ ಬಾಡಿಗೆ ಮನೆ ಹಿಡಿಯುವವರು ಬರೆಯುವ ಖರ್ಚಿನ ಚೀಟಿಯಷ್ಟು ಆಶಾವಾದಿ ಸಾಹಿತ್ಯ ಕನ್ನಡದಲ್ಲಿ ಇನ್ನೊಂದಿರಲಾರದು. ಬಾಡಿಗೆ, ಅಡ್ವಾನ್ಸು, ಬ್ರೋಕರು, ಸಾಮಾನಿನ ಟೆಂಪೊ. ಕೊನೆಗೆ ‘ಇತರೆ’ ಎಂದು ಉದಾರವಾಗಿ 2,000 ರೂಪಾಯಿ. ಈ ಚೀಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕೆಂಬುದು ನನ್ನ ವಾದ. ಲಕ್ಷವೆಂದರೆ ಎಲ್ಲರಿಗೂ ಭಯ, ಆದ್ದರಿಂದ ಅದಕ್ಕೆ ಸಾಲವೋ ಅಪ್ಪನೋ ಮೊದಲೇ ಸಿದ್ಧವಾಗಿರುತ್ತಾರೆ. ಕಾಲೊರಸಿಗೆ ಹೆದರಿದವರನ್ನು ಯಾರೂ ಕಂಡಿಲ್ಲ. ಆಸಾಮಿ ಮುಳುಗುವುದು ಅಲ್ಲೇ.

ಪುರಾವೆಗೆ ಹಾಲು ಉಕ್ಕಿಸುವ ಶಾಸ್ತ್ರವನ್ನೇ ನೋಡೋಣ. ಚೀಟಿಯಲ್ಲಿ ಅದರ ಪಾಲು ಅರ್ಧ ಲೀಟರಿನ ಒಂದು ನಂದಿನಿ ಪ್ಯಾಕೆಟ್ಟು. ಆದರೆ ಹಾಲಿಗೆ ಪಾತ್ರೆ ಬೇಕು, ಪಾತ್ರೆಗೆ ಒಲೆ, ಒಲೆಗೆ ಸಿಲಿಂಡರು, ಸಿಲಿಂಡರಿಗೆ ಠೇವಣಿ, ರೆಗ್ಯುಲೇಟರಿಗೆ ಬೇರೆ ಠೇವಣಿ, ರೆಗ್ಯುಲೇಟರಿಗೂ ಒಲೆಗೂ ಸಂಬಂಧ ಕುದುರಿಸಲು ರಬ್ಬರ್ ಟ್ಯೂಬು. ಹಚ್ಚಲು ಲೈಟರು, ಇಳಿಸಲು ಇಕ್ಕಳ. ಹಂಚಲು ಹೊರಟರೆ ಬಂದವರು ಎಂಟು ಜನ, ಸೆಟ್ಟಿನಲ್ಲಿರುವ ಲೋಟ ಆರೇ. ಮನೆ ಸಾಮಾನಿಗೆ ಬೆಲೆಗಿಂತ ಬಂಧುಬಳಗ ದೊಡ್ಡದು. ಒಬ್ಬರನ್ನು ಕರೆದರೆ ಮನೆಮಂದಿಯೆಲ್ಲ ಹೊರಡುತ್ತಾರೆ. ಪರದೆ ತಂದರೆ ರಾಡು, ರಾಡಿಗೆ ಬ್ರಾಕೆಟ್ಟು, ಬ್ರಾಕೆಟ್ಟಿಗೆ ಡ್ರಿಲ್ಲು, ಡ್ರಿಲ್ಲಿಗೆ ಗೋಡೆ. ಗೋಡೆ ಮಾತ್ರ ಓನರದು. ಅದಕ್ಕೆ ಮೊಳೆ ಹೊಡೆಯುವಂತಿಲ್ಲ. ಹಾಗಾಗಿ ಅಂಗಡಿ ಸುತ್ತಿ ಪಟ್ಟಿ ಮಾಡುವುದಕ್ಕಿಂತ, ಕಣ್ಣು ಮುಚ್ಚಿ ಆ ಮನೆಯಲ್ಲಿ ಒಂದು ದಿನ ಬಾಳಿ ನೋಡುವುದು ಮೇಲು. ಬೆಳಿಗ್ಗೆ ಬಚ್ಚಲಿಗೆ ಕಾಲಿಡುವಷ್ಟರಲ್ಲೇ ಬಕೆಟ್ಟು, ಮಗ್ಗು, ಬಟ್ಟೆ ನೇತುಹಾಕುವ ಕೊಕ್ಕೆ ಮೂರೂ ಹಾಜರಿ ಹಾಕುತ್ತವೆ.

‘ಇದೆಲ್ಲ ಚಿಲ್ಲರೆ, ಅಡ್ವಾನ್ಸಿನ ಮುಂದೆ ಏನು’ ಎನ್ನುವವರಿದ್ದಾರೆ. ಅದೇ ಅಡ್ವಾನ್ಸನ್ನು ‘ವಾಪಸು ಬರುವ ದುಡ್ಡು’ ಎಂದು ಖರ್ಚಿನಿಂದ ಹೊರಗಿಡುವವರೂ ಅವರೇ. ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡವೆಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ಮಾದರಿ ಎಂದ ಮೇಲೆ ನೋಡಿ ಸಂತೋಷಪಡಬೇಕು ಅಷ್ಟೆ. ಊರಿನ ರೂಢಿ ಹತ್ತು ತಿಂಗಳಿನದ್ದಾಗಿತ್ತು, ಐದಾರಕ್ಕೆ ಒಪ್ಪುವವರು ಈಗ ಪುಣ್ಯಾತ್ಮರು. 20,000 ಬಾಡಿಗೆಗೆ ಐದು ತಿಂಗಳಿನ ಲೆಕ್ಕದಲ್ಲಿ ಒಂದು ಲಕ್ಷ. ಶೇ. 6ರ ಬಡ್ಡಿ ಹಿಡಿದರೂ ತಿಂಗಳಿಗೆ 500 ರೂಪಾಯಿ ಮೌನವಾಗಿ ಹೋಯಿತು. ಬ್ರೋಕರಿಗೆ ಒಂದು ತಿಂಗಳು, ಬಿಡುವಾಗ ಪೇಂಟಿಂಗಿಗೆಂದು ಇನ್ನೊಂದು ತಿಂಗಳು. ವರ್ಷ ಮೀರುವ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾದ್ದರಿಂದ ಕರಾರು 11 ತಿಂಗಳಿನದು. ಅಷ್ಟಕ್ಕೇ ಮನೆ ಬಿಟ್ಟರೆ ಆ 40,000 ತಿಂಗಳಿಗೆ 3,600ರ ಮೇಲೆ ಬೀಳುತ್ತದೆ. 20,000ದ ಮನೆ 24,000ದ್ದಾಯಿತು. ಅಂದರೆ ಮೇಲಿನ ಸಾಲಿನ ಒಳಗೂ ‘ಇತರೆ’ಯೇ ಅಡಗಿ ಕೂತಿದೆ.

ಒಂದೊಂದಾಗಿ ಆಮೇಲೆ ಕೊಂಡರಾಯಿತು ಎಂಬ ಮಾತಿನಲ್ಲಿ ತೂಕವಿದೆ, ಸೋಫಾ, ಟಿ.ವಿ.ಗಳಿಗೆ ಅದು ಸರಿ. ಪೊರಕೆಗೆ ಸಲ್ಲದು. ರಾತ್ರಿ ಹನ್ನೊಂದಕ್ಕೆ ಬಲ್ಬು ಹೋದರೆ ‘ಆಮೇಲೆ’ ಎಂಬುದು ಹತ್ತು ನಿಮಿಷದಲ್ಲಿ ಡೆಲಿವರಿ ಶುಲ್ಕ ಸಮೇತ ಬಾಗಿಲಿಗೆ ಬರುತ್ತದೆ. ಊರಿನಿಂದ ತಂದರೆ ಖರ್ಚಿಲ್ಲ ಎನ್ನುವವರಿಗೂ ಅರ್ಧ ಗೆಲುವು ಕೊಡಬಹುದು: ಅಮ್ಮನ ಸಾರಿನ ಪುಡಿಗೆ ಬಿಲ್ಲಿಲ್ಲ, ಆದರೆ ಅದನ್ನು ತುಂಬಿಡಲು ಡಬ್ಬಿ ಬೇಕು. ಆಷಾಢದಲ್ಲಿ ಮನೆ ಹುಡುಕಿದರೆ ಚೌಕಾಸಿಗೆ ಒಂದಿಷ್ಟು ಜಾಗ ಸಿಗಬಹುದು, ಒಳಗೆ ಕಾಲಿಡಲು ಮನೆಯ ಹಿರಿಯರು ಒಪ್ಪಿದರೆ. ಒಪ್ಪದಿದ್ದರೆ ಶ್ರಾವಣಕ್ಕೆ ಕಾದು, ಬಾಗಿಲಿಗೆ ತೋರಣ ಕಟ್ಟಿ, ಪಟ್ಟಿಯಲ್ಲಿದ್ದದ್ದನ್ನೆಲ್ಲ ತಂದು ಒಲೆ ಹಚ್ಚಬೇಕು. ಹಾಲು ಶಾಸ್ತ್ರೋಕ್ತವಾಗಿ ಉಕ್ಕಿ ಬರ್ನರ್ ಮೇಲೆ, ಕಟ್ಟೆ ಮೇಲೆ ಹರಿಯುತ್ತದೆ. ಎಲ್ಲರೂ ಸಂತೋಷದಿಂದ ಒರೆಸುವ ಬಟ್ಟೆ ಹುಡುಕುತ್ತಾರೆ.